ಬೋರಿನ ನೀರು, ಎರಡು ಬಣ್ಣ

ಅಕ್ಕನ ಬಾಣಂತನ ಗೋವಾದ ವಾಸ್ಕೋದಲ್ಲಿದ್ದ ನಮ್ಮ ಮನೆಯಲ್ಲೇ ಆಯಿತು. ಅವಳನ್ನೂ ಐದು ತಿಂಗಳ ಮಗಳನ್ನೂ ಕರೆದೊಯ್ಯಲು ಬಂದ ಅವಳ ಗಂಡ, ನಾನು ಮಾಮಾ ಎನ್ನುತ್ತಿದ್ದವರು, ಕೈಚೀಲದಲ್ಲಿ ಎರಡು ಬಾಟಲಿ ನೀರು ತಂದಿದ್ದರು: ಒಂದು ಮನೆ ಮುಂದಿನ ಬೋರಿನದು, ಇನ್ನೊಂದು ಊರಾಚೆಯ ಬಾವಿಯದು. ತರಲು ಹೇಳಿದವಳು ಅಕ್ಕ. ಅವಳನ್ನು ಕೊಟ್ಟದ್ದು ಅವ್ವನ ತವರೂರಿಗೇ. ಅಲ್ಲಿನ ಬೋರಿನ ನೀರು ಕುಡಿದು ಬೆಳೆದ ಅವ್ವನ ಹಲ್ಲಿನ ಮೇಲೆ ಕಂದು ಗೀರುಗಳಿದ್ದವು. ಮಗಳಿಗೂ ಹಾಗಾದೀತೆಂದು ಅಕ್ಕನಿಗೆ ಭಯ.

ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಮನೆಯಲ್ಲೂ ಪುರಾವೆಯಿಲ್ಲದೆ ಯಾರ ಮಾತನ್ನೂ ಒಪ್ಪುತ್ತಿರಲಿಲ್ಲ.

“ನೀರಲ್ಲ, ಮಿಶ್ರಿ,” ಎಂದೆ. ನಮ್ಮ ಮನೆಸಾಲಿನ ಎಷ್ಟೋ ಹೆಂಗಸರು ಸುಟ್ಟ ತಂಬಾಕಿನ ಆ ಪುಡಿಯಲ್ಲೇ ಹಲ್ಲುಜ್ಜುತ್ತಿದ್ದರು.

“ಏ ಖೋಡಿ, ನಾ ಯಾವಾಗ ಮಿಶ್ರಿ ಮುಟ್ಟೇನಿ?” ಅವ್ವ ಸಿಟ್ಟಾದಳು.

“ಮುಟ್ಟಿಲ್ಲ ಅನ್ನಾಕ ಸಾಕ್ಷಿ?”

ಮಾಮಾ ನಕ್ಕರು. “ಲಾಯರ್ ಮುಂದ ಯಾಕ ಬಾಯಿ ಬಿಡ್ತೀರಿ, ಅತ್ತಿ?”

ನಮ್ಮ ರಸಾಯನಶಾಸ್ತ್ರದ ಸರ್ ಒಂದು ಬಣ್ಣ ತಯಾರಿಸಿದ್ದರು. ನೀರಲ್ಲಿ ಹೆಚ್ಚಾದರೆ ಹಲ್ಲಿಗೆ ಕಂದು ಗೀರು ತರುವ ಫ್ಲೋರೈಡ್ ಸೋಕಿದರೆ ಹಳದಿ ದ್ರಾವಣ ನೀಲಿಯಾಗುತ್ತದೆ, ಯಂತ್ರ ಬೇಡ, ಕಣ್ಣೇ ಸಾಕು ಎಂದು ತರಗತಿಯಲ್ಲಿ ತೋರಿಸಿದರು. ನಾನು ಎದ್ದು, ಚೀಲದಲ್ಲಿ ತಂದಿದ್ದ ಎರಡು ಬಾಟಲಿಗಳಲ್ಲಿ ಬೋರಿನದನ್ನು ಮುಂದಿಟ್ಟೆ. ಹಾಕಿ ನೋಡಿದರು. ಹಳದಿ ಹಳದಿಯಾಗೇ ಉಳಿಯಿತು. ಆಗಲೇ ನೀಲಿಯಾಗಿದ್ದ ನಳಿಕೆಗೆ ಹನಿಸಿದರೆ ಅದೂ ಮರಳಿ ಹಳದಿಯಾಯಿತು. ಇದು ನೀರಿಲ್ಲದ ದ್ರಾವಕದಲ್ಲಷ್ಟೇ ಕೆಲಸ ಮಾಡುತ್ತದೆ ಎಂದು ಅವರೇ ಒಪ್ಪಿಕೊಂಡರು.

“ಅಂದರೆ, ನೀರು ಬಿದ್ದರೆ ಕೆಡುವ ನೀರಿನ ಪರೀಕ್ಷೆ!” ಎಂದೆ. ತರಗತಿ ಗೊಳ್ಳೆಂದಿತು.

ಸಂಜೆ ಮನೆಯಲ್ಲಿ ತೀರ್ಪು ಕೊಟ್ಟೆ. “ಬಣ್ಣ ಬದಲಾಗ್ಲಿಲ್ಲ. ನೀರು ಚಲೋ ಐತಿ.” ಅಕ್ಕನ ಮುಖ ಹಗುರಾಯಿತು. ದೂರದ ಬಾವಿಯ ಮಾತನ್ನು ಅಲ್ಲಿಗೇ ಬಿಟ್ಟರು.

ಮರುದಿನ ಸರ್ ಬಾಟಲಿಯ ಕಥೆ ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. ಅವರು ಕೊಂಕಣಿಯವರು, ನನ್ನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ದನಿ ಏರಿಸದೆ ಕೇಳಿದರು: “ನಿನ್ನೆ ನನ್ನ ಬಣ್ಣವನ್ನು ನಂಬಬಾರದು ಅಂದೆ. ಮನೆಗೆ ಹೋಗಿ ಅದರ ಮಾತನ್ನೇ ನಂಬಿದೆಯಾ?”

ಚೀಲದಲ್ಲೇ ಉಳಿದಿದ್ದ ಎರಡೂ ಬಾಟಲಿ ತೆಗೆದು ಅವರ ಮುಂದಿಟ್ಟೆ. ಅಕ್ಕನ ರೈಲು ಮರುದಿನ ಬೆಳಿಗ್ಗೆ.

ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಅವರು ಇನ್ನೊಂದು ಹಳೆಯ ಬಗೆಯ ಕೆಂಪು ಬಣ್ಣ ತೆಗೆದರು. ಅದರಲ್ಲಿ ಜಿರ್ಕೋನಿಯಂ ಎಂಬ ಲೋಹ ಸೇರಿತ್ತು. ಇದು ನೀರಿನಲ್ಲೇ ಕೆಲಸ ಮಾಡುತ್ತದೆ, ಫ್ಲೋರೈಡ್ ಇದ್ದರೆ ಕೆಂಪು ಕಳೆದು ಹಳದಿಯಾಗುತ್ತದೆ ಎಂದರು. ಆಗಲೂ ನಾನು ಸುಮ್ಮನಿರಲಿಲ್ಲ. ಯಾವುದು ಯಾವ ನೀರೆಂದು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಎಂದೆ.

“ಸರಿ, ಆ ಕಡೆ ತಿರುಗು.”

ಶುದ್ಧ ನೀರು, ಬಾವಿ ನೀರು, ಬೋರಿನ ನೀರು, ಮೂರನ್ನೂ ಹೆಸರಿಲ್ಲದ ನಳಿಕೆಗಳಿಗೆ ಹಾಕಿದರು. ಒಂದು ಗಂಟೆ ಕಾದು ಹಿಂದೆ ಬಿಳಿ ಹಾಳೆ ಹಿಡಿದರೆ ಎರಡು ಕೆಂಪು, ಒಂದು ಹಳದಿ. ಹಳದಿಯದು ಬೋರಿನದೆಂದು ಆಮೇಲೆ ಹೇಳಿದರು. ಇನ್ನೊಮ್ಮೆ ಮಾಡಿ ಎಂದೆ, ಮಾಡಿದರು; ಮತ್ತೆ ಬೋರಿನದೇ ಹಳದಿ. ಮೂರನೆಯ ಸಲ ಕೇಳಲು ನನಗೇ ಮನಸ್ಸಾಗಲಿಲ್ಲ.

“ಎಷ್ಟಿದೆ ಅಂತ ಹೇಳಲು ಯಂತ್ರವೇ ಬೇಕು. ಅಲ್ಲಿವರೆಗೆ ಮಗುವಿಗೆ ಕೊಡಬೇಡಿ. ಒಸಡಿನೊಳಗೇ ಹಲ್ಲು ಕೆಡುತ್ತವೆ. ಕುದಿಸಿದರೂ ಇದು ಹೋಗುವುದಿಲ್ಲ.”

ತರಗತಿಯೆದುರು ತಮ್ಮನ್ನು ನಗೆಪಾಟಲು ಮಾಡಿದವಳಿಗಾಗಿ ಊಟ ಬಿಟ್ಟು ನಿಂತಿದ್ದ ಆ ಮನುಷ್ಯನಿಗೆ ಅವತ್ತು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಬಾವಿಯ ಕೆಂಪು, ಬೋರಿನ ಹಳದಿ, ಆ ಎರಡು ನಳಿಕೆಗಳಿಗೆ ಬಿರಡೆ ಹಾಕಿ, ಹತ್ತಿ ಸುತ್ತಿ ಬಸ್ಸಿಗೆ ಓಡಿದೆ. ಈಗ ನೆನೆದಷ್ಟೂ ಆ ಋಣ ದೊಡ್ಡದಾಗಿ ಕಾಣುತ್ತದೆ.

“ಅವ್ವಾ, ನಂದ ತಪ್ಪಾತು. ಬೋರಿನ ನೀರ ಕೆಟ್ಟೈತಿ.”

“ನಿನ್ನೆ ಚಲೋ ಅಂದಿ,” ಅಕ್ಕ ರೇಗಿದಳು. “ನಾಳೆ ಎಸ್‌ಟಿಡಿ ಫೋನ್ ಮಾಡಿ ಮತ್ತೇನ್ ಹೇಳಾಕಿ?”

ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಮಾಮಾ ನಳಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು.

“ಹಳದಿ ಯಾವ್ದು, ನಮ್ಮ ಬೋರಿಂದಾ?”

“ಹೌದ್ರಿ.”

ಮಗುವಿನ ಕಡೆ ನೋಡಿದರು. “ಸೈಕಲ್ ಐತಿ. ದಿನಾ ಎರಡ ಕೊಡ ಬಾವಿ ನೀರ ತರ್ತೀನಿ.”

“ಕಾಸಿ ಆರಿಸಿ ಕುಡಸ್ತೀನಿ,” ಎಂದಳು ಅಕ್ಕ. “ನಿಮ್ಮವ್ವ ನಕ್ರ?”

“ನಗ್ಲಿ. ಅಕಿ ಮುಂದೂ ಇವನ್ನ ಹಿಡಿತೀನಿ. ಊರು ಮುಟ್ಟೂತನಕ ಬಣ್ಣ ಉಳಿತೈತೇನು, ಲಾಯರ್?”

“ಗೊತ್ತಿಲ್ಲ, ಮಾಮಾ,” ಎಂದೆ.

ಅವರು ನಳಿಕೆಗಳಿಗೆ ಮತ್ತೆ ಹತ್ತಿ ಸುತ್ತಿ, ಮಗುವಿನ ಬಟ್ಟೆಗಳ ನಡುವೆ ಮೆಲ್ಲಗೆ ಇಟ್ಟರು.