ಇಪ್ಪತ್ತೊಂದನೇ ಗದ್ದೆ

ಏನು ಕಂಡರೂ ಎಣಿಸುವ ಚಟ ನನಗೆ. ಕಿರಂಗೂರಿನ ಕಾಲುವೆ ಏರಿಯ ಮೇಲೆ ನಡೆಯುವಾಗ ಹೊಂಗೆ ಮರಗಳನ್ನೂ ಎಣಿಸುತ್ತೇನೆ, ಅದೂ ಮೂರು ಮೂರಾಗಿ. ಮೂರು, ಆರು, ಒಂಬತ್ತು... ನಡುವಿನ ಮರಗಳು ಎಲ್ಲೋ ಕರಗಿಹೋಗುತ್ತವೆ. ಲೆಕ್ಕದ ಮೇಷ್ಟ್ರಾಗಿದ್ದವನಿಗೆ ಇಷ್ಟಾದರೂ ಹುಚ್ಚು ಬೇಡವೇ?

ನಿವೃತ್ತಿಯಾದ ಮೇಲೆ ಮೊಬೈಲ್ ನೋಡಿಕೊಂಡು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ನೋಡಿದರೆ ಅಲ್ಲೂ ಇದೇ ಚಟ! ಎಲ್ಲಿಂದ ಶುರು, ಎಲ್ಲಿ ನಿಲ್ಲಬೇಕು, ಎಷ್ಟೆಷ್ಟು ಹಾರಬೇಕು ಎಂದು ಮೂರು ಅಂಕಿ ಕೊಟ್ಟರೆ ಸಾಕು, ಕಂಪ್ಯೂಟರು ತಾನೇ ಹಾರುತ್ತಾ ಹೋಗುತ್ತದೆ. ಮಧ್ಯಾಹ್ನ ಮುದ್ದೆ ಉಂಡು ಜಗಲಿಯಲ್ಲಿ ಒರಗಿದರೆ, ಅರೆನಿದ್ದೆಯಲ್ಲಿ ಅಂಕಿಗಳು ಬೆಳ್ಳಕ್ಕಿಗಳ ಹಾಗೆ ಬದುವಿನಿಂದ ಬದುವಿಗೆ ಹಾರುತ್ತಿದ್ದವು.

ಆ ಅಮಲಿನಲ್ಲೇ ನಮ್ಮ ಕಾಲುವೆಯ ನೀರಿನ ಪಾಳಿ ಬರೆದುಕೊಟ್ಟೆ. ಇಪ್ಪತ್ತೊಂದು ಗದ್ದೆ, ಮೂರು ದಿನದ ಪಾಳಿ. ಮೊದಲ ದಿನ ಒಂದು, ನಾಲ್ಕು, ಏಳು; ಮಾರನೆಯ ದಿನ ಎರಡು, ಐದು, ಎಂಟು; ಮೂರನೆಯ ದಿನ ಮೂರು, ಆರು, ಒಂಬತ್ತು, ಹೀಗೆ. ನಿಲ್ಲುವ ಅಂಕಿ ಇಪ್ಪತ್ತೊಂದು ಎಂದು ಕೊಟ್ಟೆ. ಪಟ್ಟಿಯನ್ನು ಹಾಲಿನ ಡೈರಿ ಗೋಡೆಗೆ ಅಂಟಿಸಿ ಮೀಸೆ ತಿರುವಿದೆ. ಒಂದನೇ ನಂಬರು ನನ್ನದೇ. ಮೊದಲ ದಿನವೇ ನೀರು ಬಂತು, ಹಾಯಾಗಿ ಮಲಗಿದೆ.

ನಾಲ್ಕನೇ ಬೆಳಗ್ಗೆ ಪುಟ್ಟತಾಯಮ್ಮ ಬಂದಳು. ಕಾಲುವೆಯ ಕಟ್ಟಕಡೆಯ ಗದ್ದೆ ಅವಳದು.

"ಮೇಷ್ಟ್ರೇ, ಪಟ್ಟೀಲಿ ನನ್ ನಂಬ್ರೇ ಇಲ್ವಲ್ಲ. ನಾಟಿ ಆಕಿ ವಾರ ಆಯ್ತು, ನೆಲ ಬಿರ್ಕು ಬುಟ್ಟದೆ. ಪಟ್ಟೀಲಿಲ್ದೋರ್ಗೆ ನೀರ್ ಬುಡಾಕಿಲ್ಲ ಅಂತಾವ್ನೆ ನೀರ್ಗಂಟಿ."

ಡೈರಿಗೆ ಹೋಗಿ ನೋಡಿದರೆ ಮೂರನೆಯ ದಿನದ ಪಟ್ಟಿ ಹದಿನೆಂಟಕ್ಕೇ ಮುಗಿದಿತ್ತು. ನಿಲ್ಲು ಎಂದ ಅಂಕಿಯನ್ನು ಪೈಥಾನ್ ಮುಟ್ಟುವುದೇ ಇಲ್ಲವಂತೆ, ಅದರ ಹಿಂದೆಯೇ ನಿಂತುಬಿಡುತ್ತದಂತೆ! ಅದು ಗೊತ್ತಿಲ್ಲದ ಪಂಡಿತ ನಾನು. ಆದರೂ ನಾಚಿಕೆಯಿಲ್ಲದೆ, "ಕಂಪ್ಯೂಟರ್ ತಪ್ಪು ಕಣಮ್ಮ" ಎಂದುಬಿಟ್ಟೆ.

"ಕಡೇ ಗದ್ದೆಯೋರ್ನ ಮರೆಯಾಕೆ ಕಂಪ್ಯೂಟ್ರು ಯಾಕ್ ಬೇಕಿತ್ತು ಮೇಷ್ಟ್ರೇ? ಮೊದ್ಲೂ ಮರೀತಾನೇ ಇದ್ರಲ್ಲ!"

ಆ ಕ್ಷಣವೇ ನೀರುಗಂಟಿಯನ್ನು ಕರೆಸಿ ಅವಳ ಗದ್ದೆಗೆ ನೀರು ಬಿಡಿಸಿದೆ. ಇಪ್ಪತ್ತೊಂದನ್ನು ಇಪ್ಪತ್ತೆರಡು ಮಾಡಿದ್ದರೆ ಪಟ್ಟಿಯೂ ಸರಿಹೋಗುತ್ತಿತ್ತು. ಆದರೆ ಅವಳ ಮಾತು ಬಿಡಬೇಕಲ್ಲ. ಹಾರುವ ಮೂರಕ್ಕೆ ಮೈನಸ್ ಹಾಕಿ, ಪಾಳಿಯನ್ನೇ ಹಿಂದುಮುಂದಾಗಿಸಿ, ಕಡೆಯಿಂದ ಶುರುಮಾಡಿದೆ. ಅಲ್ಲಿ ನಿಲ್ಲುವ ಅಂಕಿ ಸೊನ್ನೆ. ಸೊನ್ನೆ ನಂಬರಿನ ಗದ್ದೆ ಯಾರಿಗೂ ಇಲ್ಲ.

ಈಗ ಮೊದಲ ದಿನದ ನೀರು ನನ್ನ ಗದ್ದೆಯ ಮುಂದೆಯೇ ಹರಿದು ಪುಟ್ಟತಾಯಮ್ಮನಲ್ಲಿಗೆ ಹೋಗುತ್ತದೆ. ನಾನು ಮುಟ್ಟುವಂತಿಲ್ಲ; ಒಂದನೇ ನಂಬರಿನ ಸರದಿ ಈಗ ಮೂರನೆಯ ದಿನ. ಇಳಿಬಿಸಿಲು ನೀರಿನ ಜೊತೆ ಹೋಗುವುದನ್ನು ನೋಡುತ್ತಾ ಬದುವಿನ ಮೇಲೆ ಕೂತಿರುತ್ತೇನೆ. ಮೂರು ದಿನ ಇಷ್ಟು ಉದ್ದವೆಂದು ಈ ಲೆಕ್ಕದ ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ.

"ಕುಂತಿರಿ ಮೇಷ್ಟ್ರೇ, ನಿಮ್ಗೂ ಬತ್ತದೆ!" ಎಂದು ಅವಳು ಆ ತುದಿಯಿಂದ ಕೂಗುತ್ತಾಳೆ.