ಅರ್ಧಕ್ಕೆ ಬಿಡಬಾರದ ಪುಸ್ತಕ

ಆ ಮೂರು ಪುಸ್ತಕ ಕೊಟ್ಟವಳು ನಾನೇ. ತಪ್ಪು ಯಾರದೆಂದು ಬೇರೆ ಯಾರೂ ಹುಡುಕಬೇಕಾಗಿಲ್ಲ. ಶಲವಡಿಯ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವ ಸಂಪದಾ ನಾನು. ಎದುರು ಮನೆಯ ಶಂಕ್ರಪ್ಪ ಕಾಕಾ ಅರವತ್ತೆಂಟರ ಮನುಷ್ಯ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಓದುತ್ತಾರೆ, ಉಳಿದ ಹನ್ನೊಂದು ತಿಂಗಳು ಊರಿನವರ ತಾಟಿನಲ್ಲಿ ಏನಿದೆ ಎಂದು ಇಣುಕುತ್ತಾರೆ. ಮಾಂಸ ತಿನ್ನುವವರನ್ನು ಕಂಡರೆ ಅವರಿಗೆ ಸಿಟ್ಟು ಬರುವುದಿಲ್ಲ, ಕನಿಕರ ಬರುತ್ತದೆ. ಸಿಟ್ಟನ್ನಾದರೂ ತಡೆದುಕೊಳ್ಳಬಹುದು, ಆ ಕನಿಕರವನ್ನು ತಡೆದುಕೊಳ್ಳುವುದು ಕಷ್ಟ.

ಹೋದ ಮಳೆಗಾಲದಲ್ಲಿ ಅವರ ಓರಗೆಯವರೊಬ್ಬರು ಕಟ್ಟೆಯ ಮೇಲೆ ಕೂತಲ್ಲೇ ತೀರಿಕೊಂಡರು. ಮರುವಾರ ಕಾಕಾ ಗ್ರಂಥಾಲಯಕ್ಕೆ ಬಂದರು.

"ಯವ್ವಾ ಸಂಪದಾ, ಸಾವಂದ್ರ ಏನು ಅಂತ ತಿಳಿಸಿ ಹೇಳೂ ಪುಸ್ತಕ ಅದಾವೇನ?"

ಸಾವಿನ ಬಗ್ಗೆ ಒಂದು ಕೊಟ್ಟೆ. ಮನುಷ್ಯಕುಲದ ಗತಿ ಮುಂದೇನು ಎಂಬ ಇನ್ನೊಂದು ಕೊಟ್ಟೆ. ಪ್ರಾಣಿಗಳನ್ನು ತಿನ್ನುವುದು ಸರಿಯೇ ಎಂದು ಚರ್ಚಿಸುವ ಮೂರನೆಯದನ್ನು, ಓದಿ ಹಿಗ್ಗಲಿ ಎಂದು ನಾನಾಗಿಯೇ ಸೇರಿಸಿದೆ.

ಕಾಕಾನಿಗೆ ಬಾಯಿ ಮುಚ್ಚಿ ಓದಿದರೆ ತಲೆಗೆ ಹತ್ತುವುದಿಲ್ಲ. ಬೆಳಿಗ್ಗೆ ಏಳಕ್ಕೆ ಕಟ್ಟೆಯ ಮೇಲೆ ಕೂತು, ಪಂಚಾಯತಿ ಶಿಕ್ಕಾ ಇರುವ ಪುಸ್ತಕಕ್ಕೆ ವಿಭೂತಿ ಹಚ್ಚಿ, ಪುರಾಣದ ರಾಗದಲ್ಲೇ ಗಟ್ಟಿಯಾಗಿ ಓದುತ್ತಿದ್ದರು. ಒಳಗೆ ಎಮ್ಮೆ ಹಿಂಡುವ ಅವರ ಹೆಂಡತಿ ರೇವವ್ವ ಕಾಕುಗೂ, ಚರಿಗೆ ಹಿಡಿದು ಹಾಲಿಗೆ ನಿಂತ ನನಗೂ ಎಲ್ಲ ಕೇಳಿಸುತ್ತಿತ್ತು. ಸಾವಿನ ಪುಸ್ತಕ ಮುಗಿಯುವ ಹೊತ್ತಿಗೆ ಕಾಕಾ ಒಬ್ಬರೇ ಮಲಗುವುದನ್ನು ಬಿಟ್ಟರು. ಎರಡನೆಯದರಲ್ಲಿ ಮೊಮ್ಮಕ್ಕಳ ಮಕ್ಕಳಿಗೆ ಕುಡಿಯಲು ನೀರು ಸಿಕ್ಕೀತೋ ಇಲ್ಲವೋ ಎಂದಿತ್ತು. ಅದನ್ನು ಓದಿ ಊಟ ಸೇರದೆ ಕೂತರು.

"ಸಾಕು ಬಿಡ್ರಿ ಕಾಕಾ, ವಾಪಸ್ ಕೊಡ್ರಿ" ಎಂದೆ.

"ಹುಚ್ಚಿ ಅದೀ ನೀ. ಹಚ್ಚಿದ ಪುರಾಣ ಅರ್ಧಕ್ಕ ಬಿಡ್ತಾರೇನ? ಮನೀಗೆ ಒಳ್ಳೇದಲ್ಲ."

ಅವರ ಪಾಲಿಗೆ ಪುಸ್ತಕವೆಂದರೆ ಪುರಾಣ, ತೆರೆದ ಮೇಲೆ ಮಂಗಲ ಆಗಲೇಬೇಕು. ಈ ಹಟವೊಂದು ಇಲ್ಲದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಮೂರನೆಯದನ್ನು ಹುರುಪಿನಿಂದಲೇ ಹಚ್ಚಿದರು. ಕಸಾಯಿಖಾನೆಯ ಪುಟಗಳನ್ನು ದಾರಿಯಲ್ಲಿ ಹೋಗುವವರಿಗೆ ಕೇಳಲೆಂದು ಇನ್ನಷ್ಟು ಏರುದನಿಯಲ್ಲಿ ಓದಿದರು. ನಾಲ್ಕನೆಯ ದಿನ ಹಾಲಿನ ಅಧ್ಯಾಯ ಬಂತು. ಹಾಲು ಕುಡಿಯುವವರ ಮನೆಯ ಗಂಡುಕರುಗಳು ಎಲ್ಲಿಗೆ ಹೋಗುತ್ತವೆ ಎಂದು ಆ ಪುಸ್ತಕ ಕೇಳಿತ್ತು. ಕಾಕಾನ ದನಿ ಇಳಿಯುತ್ತ ಬಂತು. ನಿಲ್ಲಿಸುವ ಹಾಗಿರಲಿಲ್ಲವಲ್ಲ, ಕೊನೆಗೆ ಬರೀ ತುಟಿ ಅಲ್ಲಾಡಿದವು. ಒಳಗೆ ಹಾಲು ಕರೆಯುವ ಸಪ್ಪಳವೂ ನಿಂತಿತು. ಅವರ ಎಮ್ಮೆ ಈದು ಹನ್ನೆರಡು ದಿನವಾಗಿತ್ತು. ಹುಟ್ಟಿದ್ದು ಕೋಣಗರು. ಪ್ರತಿ ಸಲದ ಹಾಗೆ ಅದನ್ನು ಒಯ್ಯಲು ಕಾಶಿನಾಥ ಬರುವವನಿದ್ದ.

ಈ ಕಾಶಿನಾಥ ಕಾಕಾನ ದೂರದ ಸಂಬಂಧಿ, ಅವನ ಕೊರಳಲ್ಲೂ ಲಿಂಗವಿದೆ. ಸಣ್ಣ ಟೆಂಪೊ ತಂದು ಊರೂರಿನ ಗಂಡುಕರುಗಳನ್ನು ಒಯ್ಯುತ್ತಾನೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಹತ್ತು ವರ್ಷ ಆ ಮನೆಯ ಹಾಲಿನ ಚಹಾ ಕುಡಿದ ನಾನೂ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಟೆಂಪೊ ಬಂತು. ಕಾಶಿನಾಥ ಗೂಟದಿಂದ ಕರುವಿನ ಹಗ್ಗ ಬಿಚ್ಚಿದ. ಕಾಕಾ ಬಂದು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡರು.

"ಕಾಶಿ, ಖರೇ ಹೇಳು. ಇವನ್ನೆಲ್ಲಾ ಎಲ್ಲಿಗೆ ಒಯ್ತೀಲೇ?"

"ನಮ್ಮಪ್ಪನ ಕಾಲದಿಂದ ಕೇಳಿದವರಲ್ಲ, ಇವತ್ತೇನ್ ಕಾಕಾ ಹೊಸಾದು?" ಎಂದು ಅವನು ನಕ್ಕ.

ಕಾಕಾನಿಗೆ ಅಷ್ಟು ಉತ್ತರವೇ ಸಾಕಾಯಿತು. "ಬ್ಯಾಡ. ಇದು ಇಲ್ಲೇ ಇರತೈತಿ."

"ಅಲ್ಲರೀ," ರೇವವ್ವ ಕಾಕು ಸಿಡಿದರು, "ಕ್ವಾಣ ಇಪ್ಪತ್ತ ವರ್ಷ ಬದಕತೈತಿ. ಮೇವು ಯಾರ ಹಾಕಾವ್ರು? ಅಲ್ಲೀತನಾ ನೀವು ಇರ್ತೀರೇನ?"

ಸಿಟ್ಟಿನಲ್ಲಿ ಬಂದ ಮಾತು. ಆಡಿದ್ದೇ ತಡ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅರವತ್ತೆಂಟಕ್ಕೆ ಇಪ್ಪತ್ತು ಕೂಡಿಸಲು ಯಾರಿಗೂ ಹೊತ್ತು ಹಿಡಿಯುವುದಿಲ್ಲ. ಕಾಕಾನ ಮುಖದ ಬಣ್ಣ ಹೋಯಿತು.

"ನನಗ ಹೆದರಿಕಿ ಆಗೇತಿ," ಎಂದರು ಕಾಕಾ. "ಸತ್ತಮ್ಯಾಲ ನಮ್ಮ ಮನಿ ಕರಗೋಳು ಸಾಲಾಗಿ ನಿಂತಿದ್ರ? ಎಲ್ಲಿಗೆ ಕಳಿಸಿದ್ರೀ ಅಂತ ಕೇಳಿದ್ರ ಏನ್ ಹೇಳ್ಲಿ?" ನಮ್ಮೆಲ್ಲರ ಮುಂದೆ ಅತ್ತೇಬಿಟ್ಟರು.

ಕಾಶಿನಾಥ ಕೆಟ್ಟವನಲ್ಲ. ಹಗ್ಗ ಬಿಟ್ಟ, ಕಾಕಾನ ಹೆಗಲ ಮೇಲೆ ಕೈಯಿಟ್ಟ, ಸಮಾಧಾನ ಹೇಳುವ ದನಿಯಲ್ಲೇ ಹೇಳಿದ:

"ಇರ್ಲಿ ಬಿಡ್ರಿ ಕಾಕಾ, ಅವಸರ ಏನೈತಿ? ನೀವು ಹ್ವಾದಮ್ಯಾಲ ಬಂದು ಒಯ್ತೀನಿ."

ಕರು ಈಗ ಎದೆಮಟ್ಟ ಬೆಳೆದಿದೆ. ಕಾಕಾ ಬಿಪಿ ಗುಳಿಗೆ ತಪ್ಪಿಸುವುದಿಲ್ಲ, ಉಪ್ಪು ಬಿಟ್ಟಿದ್ದಾರೆ, ಹೊಲದ ದಾರಿಯಲ್ಲಿ ದಿನಾ ಎರಡು ಮೈಲು ನಡೆಯುತ್ತಾರೆ. ಮುದುಕನಿಗೆ ಜೀವದಾಸೆ ನೋಡ್ರಿ ಎಂದು ಊರವರು ನಗುತ್ತಾರೆ. ಓಣಿಯಲ್ಲಿ ಯಾವ ಟೆಂಪೊ ನಿಂತರೂ ಕಾಕಾ ಮೊದಲು ತಮ್ಮ ಎದೆ ಮುಟ್ಟಿ ನೋಡಿಕೊಳ್ಳುತ್ತಾರೆ, ಆಮೇಲೆ ಕೊಟ್ಟಿಗೆಗೆ ಓಡುತ್ತಾರೆ.