ಸವತಿಕಾಯಿ ತುದಿ

ಕಮತಗಿಯಲ್ಲಿ ಅಂದಪ್ಪನವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದು ಇನ್ನೆರಡು ಮೊಳ ಎತ್ತರ ಇದ್ದಿದ್ದರೆ ನನ್ನ ನಾಲಿಗೆ ಇಷ್ಟು ಕಷ್ಟ ಪಡುತ್ತಿರಲಿಲ್ಲ. ನಾನು ಹುಚ್ಚೇಶ, ನೇಕಾರ. ನನ್ನ ಬಾಯಿ ಜೋರು ಅಂತ ಹೆಂಡತಿ ರತ್ನವ್ವ ಬೈಯುತ್ತಾಳೆ. ಪವರ್‌ಲೂಮಿನ ಸದ್ದಿನಲ್ಲಿ ಮೆಲ್ಲಗೆ ಮಾತಾಡಿ ಬದುಕಿದವನನ್ನು ಅವಳು ಒಬ್ಬನನ್ನಾದರೂ ತೋರಿಸಲಿ, ನೋಡೋಣ.

ಅಂದಪ್ಪನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಬಾಗಲಕೋಟೆ-ಹುನಗುಂದ ದಾರಿಯಲ್ಲಿ ಅವರ ದನಿ ಕೇಳದ ಗಿಡ ಇಲ್ಲ. ಅಷ್ಟೇ ದೊಡ್ಡ ಆಚಾರವಂತರು. ಲಿಂಗಕ್ಕೆ ತೋರಿಸುವ ಮೊದಲು ಅಡುಗೆಯ ರುಚಿ ನೋಡಿದರೆ ಅದು ಎಂಜಲು. ತಾಟಿನಲ್ಲಿ ಒಂದು ಅಗುಳು ಬಿಡುವಂತಿಲ್ಲ, ತಾಟು ತೊಳೆದ ನೀರನ್ನೂ ಕುಡಿಯಬೇಕು. ಇನ್ನು ಪ್ರಸಾದಕ್ಕೆ ಹೆಸರಿಡಬಾರದು, ಅಂದರೆ ಕುಂದು ಹೇಳಬಾರದು, ಹೊಗಳಲೂಬಾರದು. "ಪ್ರಸಾದ ಅಂದಮ್ಯಾಲೆ ರುಚಿ ಕೇಳಾಕ ನಾವ್ಯಾರೋ?" ಎನ್ನುತ್ತಿದ್ದರು. ಇದರಿಂದ ಆದದ್ದೇನೆಂದರೆ, ನಾನು ಅಕ್ಕಾ ಎಂದು ಕರೆಯುವ ಅವರ ಹೆಂಡತಿ ಸಿದ್ದಲಿಂಗವ್ವ, ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಗಂಡನ ಬಾಯಲ್ಲಿ ಒಂದು 'ಚಲೋ ಆಗೇತಿ' ಕೇಳಿದವಳಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪ್ಲಾಸ್ಟರ್ ಬಿತ್ತು. ರೊಟ್ಟಿ, ಪಲ್ಯ ಎರಡೂ ನಾನೇ ಕಳಿಸುತ್ತೇನೆ ಎಂದಳು ನಮ್ಮ ರತ್ನವ್ವ. ಅಂದಪ್ಪನವರಿಗೆ ಪೌರುಷ ಬಂತು. "ರೊಟ್ಟಿ ಅಷ್ಟ ಬಡದು ಕೊಡವಾ. ಉಳಿದದ್ದು ನಾ ನೋಡ್ಕೋತೇನಿ" ಎಂದರು. ಒಲೆ ಹೊತ್ತಿಸಲು ಅವರಿಗೆ ಅಂಜಿಕೆ. ಒಲೆ ಬೇಡದ ಅಡುಗೆ ಯಾವುದು? ಸವತಿಕಾಯಿ!

ಶುರುವಾಯಿತು ನೋಡಿ. ಮೊದಲ ದಿನ ಸವತಿಕಾಯಿ ಸೀಳಿ, ಬೀಜ ತೆಗೆದು, ಅದರ ಹೊಟ್ಟೆಯಲ್ಲಿ ಗುರೆಳ್ಳಿನ ಹಿಂಡಿ, ಅದೇ ಚಟ್ನಿಪುಡಿ, ತುಂಬಿದರು. ಖರೆ ಹೇಳುತ್ತೇನೆ, ಅದು ಚೆನ್ನಾಗಿತ್ತು. ಮರುದಿನ ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ, ಕೊತ್ತಂಬರಿ ಹಾಕಿ ಪಚಡಿ. ಆದರೆ ಉಪ್ಪನ್ನು ಬೆಳಿಗ್ಗೆಯೇ ಹಾಕಿಟ್ಟು ಪೂಜೆಗೆ ಕೂತರು. ಊಟದ ಹೊತ್ತಿಗೆ ಶೇಂಗಾ ಪುಡಿ ನೀರಿನಲ್ಲಿ ಈಜುತ್ತಿತ್ತು. ಆಮೇಲೆ ಮಜ್ಜಿಗೆಯಲ್ಲಿ ತುರಿದದ್ದು. ಆಮೇಲೆ ಮೊಬೈಲ್ ನೋಡಿ, ಸವತಿಕಾಯಿಯನ್ನೇ ಕೊರೆದು ಬಟ್ಟಲು ಮಾಡಿ ಅದರಲ್ಲಿ ಒಗ್ಗರಣೆ ಇಲ್ಲದ ಮೊಸರು. ಮೊಸರು ತಿಂದು ಬಟ್ಟಲನ್ನೂ ತಿನ್ನಬೇಕಂತೆ. ನನ್ನ ಬಟ್ಟಲಿನ ತಳ ತೂತಾಗಿತ್ತು. ಮೊಸರನ್ನೆಲ್ಲ ನನ್ನ ಲುಂಗಿ ಉಂಡಿತು.

ದಿನಾ ಮಧ್ಯಾಹ್ನ ಗೋಡೆಯ ಮೇಲಿಂದ ಕೂಗು ಬರುತ್ತಿತ್ತು. "ಹುಚ್ಚೇಶಾ, ಬಾರೋ ಊಟಕ್ಕ!" ಹೋಗದೆ ಬಿಟ್ಟರೆ ಓಣಿಯೆಲ್ಲ ಕೇಳುವಂತೆ ಮತ್ತೆ ಕೂಗು. ಹೋಗಿ ತಿಂದು, ತಾಟು ತೊಳೆದು ಕುಡಿದು ಬರುತ್ತಿದ್ದೆ. ಖಾಲಿ ತಾಟು ನೋಡಿ ಅವರು ಮೀಸೆಯಲ್ಲೇ ನಗುತ್ತಿದ್ದರು. ಅಯ್ಯೋ ಶಿವನೇ, ನಿಮ್ಮ ಮನೆಯಲ್ಲಿ ತಾಟು ಎಂದಾದರೂ ಖಾಲಿಯಾಗದೆ ಇದ್ದದ್ದುಂಟೇ ಅಂತ ಕೇಳಬೇಕು ಅನ್ನಿಸುತ್ತಿತ್ತು.

ಒಂದು ದಿನ ನನ್ನನ್ನು ಬಾಗಿಲ ಹೊರಗೆ ಎಳೆದು ಮೆಲ್ಲಗೆ ಕೇಳಿದರು. "ಹುಚ್ಚೇಶಾ, ಇಕಿ ಏನರೆ ಅಂದಳೇನೋ?"

"ಎದರ ಬಗ್ಗೆರಿ?"

"ನನ್ನ ಅಡಿಗಿ ಬಗ್ಗೆಲೇ! ಉಣ್ತಾಳ, ನೀರ ಕುಡೀತಾಳ, ಎದ್ದ ಹೋಗ್ತಾಳ. ಚಲೋ ಆಗೇತಿ ಅನ್ನಾಕ ಏನ ಧಾಡಿ ಇಕಿಗೆ?"

ಹೊಗಳಬಾರದೆಂದು ಕಟ್ಟಳೆ ಮಾಡಿದವರೇ ಹೊಗಳಿಕೆಗೆ ಬಾಯಿ ಬಿಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರ ಮುಖ ನೋಡಿ ಪಾಪ ಅನ್ನಿಸಿತು. ಹೆಂಡತಿಯ ಬಾಯಿಂದ ಆ ಒಂದು ಮಾತು ಬರಲಿ ಅಂತಲೇ ಮನುಷ್ಯ ದಿನಾ ಹೊಸ ವೇಷ ಹಾಕಿಸುತ್ತಿದ್ದಾರೆ ಸವತಿಕಾಯಿಗೆ.

ಅಷ್ಟರಲ್ಲಿ ಗುಡೂರಿನಿಂದ ಅಕ್ಕನ ತಮ್ಮ ಅವಳ ಕೈ ನೋಡಲು ಬಂದ. ಬರುವಾಗ ತನ್ನ ಹೊಲದ ಸವತಿಕಾಯಿ ಒಂದು ಚೀಲ ತಂದಿದ್ದ. "ಮಾವಾರ, ಸಕ್ಕರಿ ನೋಡ್ರಿ ಇವು" ಎಂದ. ಅಂದಪ್ಪನವರ ಕಣ್ಣು ಮಿಂಚಿತು. ತಮ್ಮನ ಎದುರಿಗಾದರೂ ಅಕ್ಕ ಒಂದು ಮಾತು ಆಡದೆ ಇರುತ್ತಾಳೆಯೇ?

ಅವತ್ತು ಪಚಡಿ ಮಾಡಿದರು. ಉಪ್ಪು ಕಡೆಯಲ್ಲಿ ಹಾಕಿದರು, ಶೇಂಗಾ ಪುಡಿ ಧಾರಾಳ ಸುರಿದರು, ಮೇಲೆ ಗಟ್ಟಿ ಮೊಸರು. ನೋಡಲು ಮದುವೆಮನೆಯ ಹಾಗೆ ಇತ್ತು. ಲಿಂಗಕ್ಕೆ ತೋರಿಸಿ, ಬಸ್ಸಿನಲ್ಲಿ ನಡೆದ ಹಾಗೆ ಸಾಲಿನಲ್ಲಿ ಬಡಿಸುತ್ತ ಬಂದರು. "ಯಾರ್ದರೆ ಉಳೀತೇನ್ರಿ? ಇನ್ನಷ್ಟ ಹಾಕಲ್ಯಾ?"

ನಾನು ಒಂದು ತುತ್ತು ಬಾಯಿಗಿಟ್ಟೆ. ಕಹಿ ಅಂದರೆ ಕಹಿ! ಬೇವಿನ ಎಲೆಯನ್ನು ಆಮೇಲೆ ಬೆಲ್ಲ ಅಂತ ತಿನ್ನಬಹುದು. ಪಕ್ಕಕ್ಕೆ ನೋಡಿದೆ. ಅಕ್ಕನ ತಮ್ಮ ತನ್ನ ಹೊಲದ ಸಕ್ಕರೆಯನ್ನು ಅಗಿಯದೆ ನುಂಗುತ್ತಿದ್ದ. ಅಕ್ಕ ಎಡಗೈಯಲ್ಲಿ ಚಮಚ ಹಿಡಿದು ತಲೆ ತಗ್ಗಿಸಿದ್ದಳು, ಕಣ್ಣಲ್ಲಿ ನೀರು. ಅಂದಪ್ಪನವರು ಅದು ಆನಂದಬಾಷ್ಪ ಎಂದುಕೊಂಡು ನಮಗೆಲ್ಲ ಮತ್ತೊಂದು ಸೌಟು ಹಾಕಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ತಾಟು ತೊಳೆದು ಆ ನೀರನ್ನೂ ಕುಡಿದೆವು.

ಕೊನೆಗೆ ಅವರು ಉಣ್ಣಲು ಕೂತರು. ತಮಗೆ ತಾಟು ತುಂಬ ಹಾಕಿಕೊಂಡಿದ್ದರು. ಮೊದಲ ತುತ್ತಿಗೇ ಮೀಸೆ ಎದ್ದು ನಿಂತಿತು. ಉಗುಳುವಂತಿಲ್ಲ, ಬಿಡುವಂತಿಲ್ಲ, ಅನ್ನುವಂತಿಲ್ಲ. ನಾವು ಮೂವರೂ ಅಲ್ಲಾಡದೆ ನೋಡುತ್ತ ಕೂತೆವು. ಅವರು ಪೂರ್ತಿ ತಿಂದರು. ತಾಟು ತೊಳೆದು ಕುಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಯಾಕ ಹೇಳಲಿಲ್ಲ?"

"ಪ್ರಸಾದಕ್ಕ ಹೆಸರಿಡಬಾರದಂತ ನೀವಽ ಹೇಳೀರಲ್ಲರಿ."

"ಅಲ್ಲಾ, ನಮ್ಮ ಮನ್ಯಾಗ ಸವತಿಕಾಯಿ ಎಂದೂ ಕಹಿ ಬಂದಿದ್ದಿಲ್ಲ! ನೀ ಎಂಥಾವ ಆರಿಸಿ ತರತಿದ್ದಿ?"

ಅಕ್ಕ ನಕ್ಕಳು. "ಆರಿಸೂದೇನ ಬಂತು? ಕಹಿ ದಿನಾ ಒಂದರೆ ಬರ್ತಿತ್ತು. ತುದಿ ಕೊಯ್ದು ನಾ ಬಾಯಾಗ ಹಾಕ್ಕೋತಿದ್ದೆ. ತುದಿ ಲಿಂಗದ ಎಡಿಗೆ ಹೋಗಂಗಿಲ್ಲ, ಎಂಜಲಾಗಂಗಿಲ್ಲ. ಕಹಿದು ಎಮ್ಮಿಗೆ, ಚಲೋದು ನಿಮಗ."

ಇಷ್ಟು ವರ್ಷ ಈ ಸೀಮೆಯಲ್ಲಿ ಸವತಿಕಾಯಿ ಕಹಿ ಇರುವುದೇ ಇಲ್ಲ ಅಂತ ತಿಳಿದಿದ್ದ ಮನುಷ್ಯ!

"ಇಷ್ಟ ವರ್ಷದ ಕಹಿ ಎಲ್ಲಾ ನೀನಽ ತಿಂದಿಯೇನ?"

"ಮತ್ಯಾರ ತಿನ್ನಬೇಕ್ರಿ?"

ಅವರು ತಾಟು ನೋಡುತ್ತ ಗೊಣಗಿದರು. "ನಿನ್ನ ಅಡಿಗಿ... ಭಾಳ ಚಲೋ ಇರತಿತ್ತು."

"ಏನಂದ್ರಿ? ಕೇಳಸಲಿಲ್ಲ."

ಅಂದಪ್ಪನವರು ಎದೆ ತುಂಬ ಉಸಿರು ಎಳೆದುಕೊಂಡು, ಕಡೆಯ ಸೀಟಿಗೆ ಕೇಳಿಸುವ ಆ ಹಳೆಯ ದನಿಯಲ್ಲಿ ಕೂಗಿದರು. "ನಿನ್ನ ಅಡಿಗಿ ಭಾಳ ಚಲೋ ಇರತಿತ್ತು!" ನಮ್ಮ ಮನೆಯಿಂದ ರತ್ನವ್ವ ಏನಾಯಿತೋ ಅಂತ ಓಡಿ ಬಂದಳು. ಓಡಿ ಬಂದವಳಿಗಾಗಿ ಅಕ್ಕ ಅದನ್ನು ಇನ್ನೊಮ್ಮೆ ಹೇಳಿಸಿದಳು.

ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ, ಒಲೆಯ ಮುಂದೆ ಅಕ್ಕನೇ ಇದ್ದಾಳೆ. ಸವತಿಕಾಯಿ ಹೆಚ್ಚುವುದು ಮಾತ್ರ ಅಂದಪ್ಪನವರ ಪಾಲು. ತುದಿ ಕೊಯ್ದು ಮೊದಲು ತಾವು ಬಾಯಿಗೆ ಹಾಕಿಕೊಳ್ಳುತ್ತಾರೆ. ನಿನ್ನೆ ನಾನು ಹೋದಾಗ ಒಂದು ಕಹಿ ಸಿಕ್ಕಿತ್ತು. ಮುಖ ಹಿಂಡಿಕೊಂಡು, ಮಾತಿಲ್ಲದೆ ನುಂಗುತ್ತಿದ್ದರು.

ಅಕ್ಕ ರೊಟ್ಟಿ ತಟ್ಟುತ್ತಲೇ ಹೇಳಿದಳು. "ಅದು ಪ್ರಸಾದಲ್ಲರಿ. ಬೇಕಾದಷ್ಟ ಹೆಸರಿಡ್ರಿ."